ಸೀಟು ಸಿಗದವರ ಪೋಷಕರು ಫೋನ್ ಮಾಡಿದಾಗ: ಪ್ರವೇಶ ವಿಭಾಗದಲ್ಲಿ ನನ್ನ ಅನುಭವ

ಸಿಟ್ಟಾದ ಪೋಷಕರನ್ನು ಸಂಭಾಳಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಫಲಿತಾಂಶ ಹೊರಬೀಳುವ ಮುಂಚೆಯೇ ಮುಗಿದಿರಬೇಕು. ಯಾರು ಕೂಗಾಡುತ್ತಾರೆ, ಯಾಕೆ ಕೂಗಾಡುತ್ತಾರೆ ಎಂಬುದು ವಾರ ಮೊದಲೇ ಕಡತಗಳಲ್ಲಿ ಕಾಣುತ್ತದೆ. ನೋಡುವ ವ್ಯವಧಾನ ಇರಬೇಕು, ಅಷ್ಟೆ.

ಪಟ್ಟಿ ಅಂತಿಮವಾಗುವ ಮುನ್ನ ಸೀಟು ಸಿಗದವರ ಅರ್ಜಿಗಳಲ್ಲಿ ಕೆಲವನ್ನು ಬೇರೆ ತೆಗೆದಿಟ್ಟು ಇನ್ನೊಬ್ಬರಿಂದ ಓದಿಸುತ್ತೇನೆ. ಒಳ್ಳೆಯ ಅಂಕವಿದ್ದೂ ಬಿಟ್ಟುಹೋದವರು, ಅಕ್ಕನೋ ಅಣ್ಣನೋ ಇಲ್ಲೇ ಓದಿದವರು, ಸಿಬ್ಬಂದಿಯ ಮಕ್ಕಳು, ಯಾರದೋ ಶಿಫಾರಸು ಹಿಡಿದು ಬಂದವರು, ‘ದಾಖಲೆ ಅಪೂರ್ಣ’ ಎಂದು ಹೊರಬಿದ್ದವರು. ಇವರಿಗೆ ರಿಯಾಯಿತಿ ಕೊಡಲಿಕ್ಕಲ್ಲ. ನಾಳೆ ಫೋನ್ ಬರುವುದು ಈ ಮನೆಗಳಿಂದಲೇ, ಆಗ ನಮ್ಮ ನಿರ್ಧಾರದ ಮೇಲೆ ನಮಗೇ ಅನುಮಾನ ಇರಬಾರದು. ಕೊನೆಯ ಗುಂಪನ್ನಂತೂ ಬಿಡಲೇಬಾರದು. ಕಚೇರಿಯ ತಪ್ಪುಗಳು ಅಡಗಿ ಕೂರುವುದು ಅಲ್ಲೇ: ಒಬ್ಬರ ಅಂಕಪಟ್ಟಿ ಇನ್ನೊಬ್ಬರ ಅರ್ಜಿಗೆ ಅಂಟಿಕೊಂಡಿರುತ್ತದೆ, ಹತ್ತರ ಗ್ರೇಡನ್ನು ನೂರಕ್ಕೆ ಪರಿವರ್ತಿಸುವಾಗ ಲೆಕ್ಕ ತಪ್ಪಿರುತ್ತದೆ, ಶುಲ್ಕ ಕಟ್ಟಿದ್ದರೂ ‘ಬಾಕಿ’ ಎಂದೇ ತೋರಿಸುತ್ತಿರುತ್ತದೆ.

ಫಲಿತಾಂಶವನ್ನು ಶುಕ್ರವಾರ ಸಂಜೆ ಬಿಡಬೇಡಿ. ಎರಡು ದಿನ ಕಚೇರಿ ಮುಚ್ಚಿದ್ದರೆ ಸೋಮವಾರ ಬೆಳಿಗ್ಗೆ ಪ್ರಶ್ನೆಯ ಬದಲು ಆರೋಪಪಟ್ಟಿಯೇ ಬರುತ್ತದೆ. ನಾನು ಆರಿಸುವುದು ವಾರದ ನಡುವಿನ ದಿನ, ಸಂಜೆ ಐದರ ನಂತರ, ಅದೂ ವಿದ್ಯಾರ್ಥಿಯ ಲಾಗಿನ್‌ಗೆ ಮಾತ್ರ. ಸುದ್ದಿ ಮಕ್ಕಳಿಗೆ ಮೊದಲು ತಿಳಿಯಲಿ, ಒಂದು ರಾತ್ರಿ ಕಳೆಯಲಿ, ಮರುದಿನ ಬೆಳಿಗ್ಗೆ ಎಲ್ಲ ಫೋನಿನ ಹತ್ತಿರವೂ ಜನ ಇರಲಿ.

ಫೋನ್ ಎತ್ತುವ ಪ್ರತಿಯೊಬ್ಬರ ಮುಂದೆ ಒಂದೇ ಪುಟದ ಹಾಳೆ ಇರುತ್ತದೆ: ಬಂದ ಅರ್ಜಿ ಎಷ್ಟು, ಸೀಟು ಎಷ್ಟು, ಸೀಟು ಸಿಕ್ಕವರ ಅಂಕ ಎಲ್ಲಿಂದ ಎಲ್ಲಿಯವರೆಗೆ, ಕಾಯುವ ಪಟ್ಟಿಯ ನಿಯಮ, ಮೇಲ್ಮನವಿಯ ಕೊನೆಯ ದಿನ, ಇನ್ನೂ ಜಾಗ ಉಳಿದಿರುವ ಕೋರ್ಸುಗಳು. ಹಾಳೆಯಲ್ಲಿ ಇಲ್ಲದ ಅಂಕಿಯನ್ನು ಯಾರೂ ಹೇಳುವಂತಿಲ್ಲ. ಒಬ್ಬರು ‘ಸುಮಾರು ನಾಲ್ಕು ಸಾವಿರ ಅರ್ಜಿ’ ಅಂದು ಇನ್ನೊಬ್ಬರು ‘ಮೂರೂವರೆ’ ಅಂದರೆ, ಉಳಿದ ಐನೂರು ಎಲ್ಲಿ ಹೋಯಿತು ಎನ್ನುವುದರ ಮೇಲೆಯೇ ವಾದ ಶುರುವಾಗುತ್ತದೆ.

ಇನ್ನು ಫೋನಿನ ವಿಷಯ. ಮೊದಲ ಎರಡು ಮೂರು ನಿಮಿಷ ಬಾಯಿ ಬಿಡಬಾರದು, ಕಂಪ್ಯೂಟರನ್ನೂ ಮುಟ್ಟಬಾರದು. ಕೀಬೋರ್ಡಿನ ಟಕಟಕ ಆ ಕಡೆಗೆ ಚೆನ್ನಾಗಿ ಕೇಳಿಸುತ್ತದೆ. ‘ನಾನಿಲ್ಲಿ ಮಾತಾಡ್ತಾ ಇದೀನಿ, ನೀವು ಏನೋ ಬೇರೆ ಕೆಲಸ ಮಾಡ್ತಾ ಇದೀರಿ’ ಎಂದು ಹಳೆಯ ಜಗಳದ ಮೇಲೆ ಹೊಸದೊಂದು ಹುಟ್ಟುತ್ತದೆ. ಪೆನ್ನು, ಕಾಗದ ಸಾಕು. ಮಗುವಿನ ಹೆಸರು, ಕೋರ್ಸು, ಪೋಷಕರ ದೂರು ಅವರದೇ ಮಾತಿನಲ್ಲಿ, ಇಷ್ಟನ್ನು ಬರೆದುಕೊಂಡು ತಿರುಗಿ ಹೇಳಬೇಕು: ‘ಸರ್, ಮಗಳಿಗೆ ಕೇಳಿದ್ದಕ್ಕಿಂತ ಹೆಚ್ಚು ಅಂಕ ಇದೆ, ಆದರೂ ಸೀಟು ಸಿಗಲಿಲ್ಲ, ಅರ್ಜಿಯನ್ನು ಯಾರೂ ಸರಿಯಾಗಿ ನೋಡಿಲ್ಲ ಅಂತ ನಿಮಗನಿಸಿದೆ. ಇದೇ ತಾನೆ?’ ಹೌದು ಎನ್ನುವಾಗ ಸ್ವರ ಒಂದು ಮೆಟ್ಟಿಲು ಇಳಿಯುತ್ತದೆ. ಇಳಿಯದಿದ್ದರೆ ಅಸಲಿ ದೂರು ಬೇರೆ ಏನೋ ಇದೆ, ಇನ್ನೊಮ್ಮೆ ಕೇಳಬೇಕು.

ಆಮೇಲೆ ಒಪ್ಪಿಗೆಯ ಪ್ರಶ್ನೆ. ಪ್ರವೇಶದ ನಿಯಮಗಳನ್ನು ಯಾರಿಗೆ ಬೇಕಾದರೂ ವಿವರಿಸಬಹುದು. ಕಡತದೊಳಗಿನ ಮಾತು ಮಾತ್ರ ಅರ್ಜಿದಾರರ ಒಪ್ಪಿಗೆ ಇಲ್ಲದೆ ಹೊರಬರುವಂತಿಲ್ಲ, ಕೇಳುತ್ತಿರುವವರು ಹೆತ್ತವರೇ ಆದರೂ. ಹೀಗೆಂದು ನಿಯಮ ಓದಿ ಹೇಳಿದರೆ ಬೆಂಕಿಗೆ ತುಪ್ಪ. ‘ಮಗಳು ಪಕ್ಕದಲ್ಲಿದ್ದಾರಾ? ಸ್ಪೀಕರ್ ಹಾಕ್ತೀರಾ, ಮೂವರೂ ಮಾತಾಡೋಣ’ ಅಂದರೆ ಸಲೀಸು. ಎಷ್ಟೋ ಸಲ ಫೋನ್ ಮಾಡಿರುವುದು ಮಗಳಿಗೆ ಗೊತ್ತೇ ಇರುವುದಿಲ್ಲ, ಗೊತ್ತಾಗುವುದು ಅಪ್ಪನಿಗೆ ಬೇಕಾಗಿಯೂ ಇರುವುದಿಲ್ಲ.

ಅತಿ ಹೆಚ್ಚು ಕೆಲಸ ಕೆಡುವುದು ಕಾರಣ ಹೇಳುವಾಗ. ಆಯ್ಕೆ ಒಬ್ಬರನ್ನೊಬ್ಬರಿಗೆ ಹೋಲಿಸಿ ನಡೆದಿರುತ್ತದೆ. ನಾವು ಮಾತು ಮುಗಿದರೆ ಸಾಕೆಂದು ‘ಗಣಿತದಲ್ಲಿ ಸ್ವಲ್ಪ ಕಡಿಮೆ ಇತ್ತು’ ಎಂದುಬಿಡುತ್ತೇವೆ. ಮಾರನೆಯ ದಿನ ಅವರು ಗಣಿತದ ಮರುಎಣಿಕೆಯ ಅರ್ಜಿಯೊಂದಿಗೆ ಬರುತ್ತಾರೆ. ಮೂರು ಅಂಕ ಹೆಚ್ಚೂ ಆಗಿರುತ್ತದೆ. ಆದರೂ ಸೀಟಿಲ್ಲ, ಈಗ ನಾವು ಸುಳ್ಳುಗಾರರು. ಹಾಗಾಗಿ ಕಾರಣ ಎರಡೇ ಬಗೆ. ಕಡ್ಡಾಯ ಷರತ್ತು ತಪ್ಪಿದ್ದರೆ, ಅಂದರೆ ಬೇಕಾದ ವಿಷಯ ಓದಿಲ್ಲ, ಕೊನೆಯ ದಿನ ದಾಟಿದೆ, ಅದನ್ನು ನೇರವಾಗಿ ಹೇಳಬೇಕು. ಅಂಥದ್ದೇನೂ ಇಲ್ಲದಿದ್ದರೆ ಹಾಳೆಯ ಅಂಕಿ: ಇಷ್ಟು ಜನ ಅರ್ಹರಿದ್ದರು, ಇಷ್ಟೇ ಸೀಟು. ಸಮಾಧಾನಕ್ಕೆಂದು ‘ತುಂಬಾ ಒಳ್ಳೆಯ ಅರ್ಜಿ’ ಎಂದು ಹೊಗಳಲೂ ಬೇಡಿ, ಮತ್ತೆ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆಗೆ ನಾವೇ ದಾರಿ ಮಾಡಿಕೊಟ್ಟಂತೆ.

‘ಅವಳ ಗೆಳತಿಗೆ ಕಡಿಮೆ ಅಂಕ, ಅವಳಿಗೆ ಸಿಕ್ಕಿದೆ.’ ಇದು ಬಂದೇ ಬರುತ್ತದೆ. ಆ ಗೆಳತಿ ಅರ್ಜಿ ಹಾಕಿದ್ದಾಳೆ ಎಂಬುದನ್ನೂ ಒಪ್ಪಿಕೊಳ್ಳಬಾರದು, ಅಲ್ಲಗಳೆಯಲೂಬಾರದು. ‘ಬೇರೆಯವರ ಅರ್ಜಿಯ ಬಗ್ಗೆ ನಿಮ್ಮ ಹತ್ತಿರ ಮಾತಾಡಲ್ಲ ಮೇಡಂ, ನಿಮ್ಮ ಮಗಳ ಬಗ್ಗೆಯೂ ಇನ್ನೊಬ್ಬರ ಹತ್ತಿರ ಮಾತಾಡಲ್ಲ.’ ಎರಡನೆಯ ಅರ್ಧ ಸೇರಿಸಿದರೆ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ.

ಎಷ್ಟೇ ಕೂಗಾಡಿರಲಿ, ಪ್ರತಿ ದೂರಿಗೂ ಕಡತವನ್ನು ಇನ್ನೊಮ್ಮೆ ತೆರೆದು ಐದು ವಿಷಯ ನೋಡುತ್ತೇವೆ: ನೋಂದಣಿ ಸಂಖ್ಯೆ, ಕೋರ್ಸಿನ ಸಂಕೇತ, ವರ್ಗ ಅಥವಾ ಕೋಟಾದ ಕಾಲಂ, ಅಂಕದ ಪರಿವರ್ತನೆ, ಅಪ್‌ಲೋಡ್ ಆದ ದಾಖಲೆ ಮತ್ತು ದಿನಾಂಕ. ಹತ್ತು ನಿಮಿಷದ ಕೆಲಸ. ‘ನಾಳೆ ಮಧ್ಯಾಹ್ನ ಮೂರರೊಳಗೆ ನಾನೇ ಫೋನ್ ಮಾಡ್ತೀನಿ’ ಎಂದು ಹೇಳಿ, ಹೊಸದೇನೂ ಸಿಗದಿದ್ದರೂ ಮಾಡಬೇಕು. ಆ ಒಂದು ಕರೆ ತಪ್ಪಿದರೆ ಮುಂದಿನದು ನೇರ ಪ್ರಾಂಶುಪಾಲರಿಗೆ ಹೋಗುತ್ತದೆ.

ಕಡತದಲ್ಲಿ ಬರೆಯುವ ಟಿಪ್ಪಣಿಯನ್ನು ಅರ್ಜಿದಾರರು ಒಂದು ದಿನ ಓದುತ್ತಾರೆ ಎಂದುಕೊಂಡೇ ಬರೆಯಿರಿ. 2018ರಲ್ಲಿ ಜಾರಿಗೆ ಬಂದ ಯುರೋಪಿನ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ನಿಯಮದಡಿ ತಮ್ಮ ಬಗ್ಗೆ ಇರುವ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕು ಜನರಿಗಿದೆ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು. ಅದೇ ವರ್ಷ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶ ಪದ್ಧತಿಯ ವಿರುದ್ಧದ ಮೊಕದ್ದಮೆಯಲ್ಲಿ ಅರ್ಜಿ ಓದಿದವರ ಟಿಪ್ಪಣಿಗಳೇ ನ್ಯಾಯಾಲಯದಲ್ಲಿ ಚರ್ಚೆಗೆ ಬಂದವು. ‘ಸಪ್ಪೆ’, ‘ಇನ್ನೊಬ್ಬ ಅದೇ ಥರದವನು’ ಎಂಬಂಥ ಅಂಚಿನ ಬರಹ ಯಾರಿಗೂ ಉಪಯೋಗವಿಲ್ಲ, ಸಿಕ್ಕಿಹಾಕಿಕೊಳ್ಳುವುದು ಮಾತ್ರ ಖಂಡಿತ.

ಕಾಯುವ ಪಟ್ಟಿಯ ಬಗ್ಗೆ ‘ಚಾನ್ಸ್ ಇದೆ’ ಎಂದು ಬಾಯಿ ಜಾರಿದರೆ ಆ ಮನೆಯವರು ಬೇರೆ ಕಡೆ ಸಿಕ್ಕ ಸೀಟನ್ನೂ ಬಿಟ್ಟು ಕೂರುತ್ತಾರೆ. ‘ಬೇರೆ ಕಡೆ ಸಿಕ್ಕಿದ್ದರೆ ಸೇರಿಸಿಬಿಡಿ, ಇಲ್ಲಿ ಕರೆ ಬಂದರೆ ಆಗ ಯೋಚಿಸಿ’ ಎನ್ನುವುದೇ ಸರಿ. ಮೇಲ್ಮನವಿಯಲ್ಲೂ ಅಷ್ಟೇ ಬಿಗಿ ಬೇಕು: ಬರವಣಿಗೆಯಲ್ಲಿ, ವಿದ್ಯಾರ್ಥಿಯ ಸಹಿಯೊಂದಿಗೆ, ಗೊತ್ತುಪಡಿಸಿದ ದಿನದೊಳಗೆ. ಮೊದಲು ಅರ್ಜಿ ಓದಿದವರು ಅದನ್ನು ಓದಬಾರದು. ಅಂಕ ತಿದ್ದುಪಡಿಯಾಗಿದ್ದರೆ, ದಾಖಲೆ ನಮ್ಮಲ್ಲೇ ಕಳೆದಿದ್ದರೆ ಅದು ಹೊಸ ವಿಷಯ. ಹೊಸ ಶಿಫಾರಸು ಪತ್ರ ಹೊಸ ವಿಷಯವಲ್ಲ, ಅದನ್ನು ಬರೆದವರು ಎಷ್ಟು ದೊಡ್ಡವರಾದರೂ.

ದೊಡ್ಡವರು ಫೋನಿನಲ್ಲಿ ಶಿಫಾರಸು ಮಾಡಿದರೆ ‘ದಯವಿಟ್ಟು ಇದನ್ನೇ ಇಮೇಲ್ ಮಾಡಿ ಸರ್, ಕಡತಕ್ಕೆ ಸೇರಿಸ್ತೀವಿ’ ಅಂದರೆ ಸಾಕು, ಬಹುತೇಕ ಇಮೇಲ್ ಬರುವುದೇ ಇಲ್ಲ. ದುಡ್ಡಿನ ಮಾತು ಬಂದರೆ ಸಂಭಾಷಣೆ ಅಲ್ಲಿಗೇ ಮುಗಿಯಬೇಕು, ಅವತ್ತೇ ಮೇಲಧಿಕಾರಿಗೆ ಲಿಖಿತ ವರದಿ ಹೋಗಬೇಕು. 2019ರಲ್ಲಿ ಬಯಲಾದ ಅಮೆರಿಕದ ‘ವಾರ್ಸಿಟಿ ಬ್ಲೂಸ್’ ಪ್ರಕರಣದಲ್ಲಿ, ದುಡ್ಡು ಕೊಟ್ಟು ಮಕ್ಕಳಿಗೆ ಅಡ್ಡದಾರಿಯಲ್ಲಿ ಸೀಟು ಕೊಡಿಸಲು ಹೊರಟ ಪೋಷಕರು ಜೈಲಿಗೆ ಹೋದದ್ದು ನೆನಪಿರಲಿ.

ನೇರವಾಗಿ ಕಚೇರಿಗೆ ಬಂದವರನ್ನು ಕೌಂಟರಿನ ಮುಂದೆ ನಿಲ್ಲಿಸಿ ಮಾತಾಡಬಾರದು. ನೋಡುವವರಿದ್ದಷ್ಟೂ ದನಿ ಏರುತ್ತದೆ. ಒಳಗೆ ಕೂರಿಸಿ, ನೀರು ಕೊಡಿ, ನಮ್ಮ ಕಡೆಯಿಂದ ಇಬ್ಬರಿರಲಿ, ಬಾಗಿಲಿಗೆ ಹತ್ತಿರದ ಕುರ್ಚಿ ನಮ್ಮದಿರಲಿ. ಮೇಜಿನ ಮೇಲೆ ಬೇರೆಯವರ ಒಂದು ಹಾಳೆಯೂ ಕಾಣಬಾರದು. ತಲೆಕೆಳಗಾಗಿ ಓದುವುದರಲ್ಲಿ ಪೋಷಕರು ನಿಪುಣರು. ಬೈಗುಳ ಶುರುವಾದರೆ ಒಮ್ಮೆ ಎಚ್ಚರಿಕೆ: ‘ಹೀಗೆ ಮಾತಾಡಿದರೆ ಮುಂದುವರಿಸಲು ಆಗಲ್ಲ.’ ಮತ್ತೆ ಬೈದರೆ ಫೋನ್ ಇಡುವುದು ಅಥವಾ ಎದ್ದು ಹೊರಡುವುದು. ಕೂಡಲೇ ದಿನ, ಸಮಯ, ಆಡಿದ ಮಾತು ಇದ್ದದ್ದು ಇದ್ದ ಹಾಗೆ ಬರೆದಿಡಬೇಕು.

ಮಗು ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಸೂಚನೆ ಮಾತಿನಲ್ಲಿ ಬಂದರೆ ಪ್ರವೇಶದ ವಿಷಯ ಬದಿಗೆ. ಫೋನ್ ಇಡಬಾರದು, ಇನ್ನೊಬ್ಬರ ಮೂಲಕ ಆಪ್ತಸಮಾಲೋಚಕರನ್ನು ಕರೆಸಬೇಕು, ಮಗುವನ್ನು ಒಂಟಿಯಾಗಿ ಬಿಡದಂತೆ ಮನೆಯವರಿಗೆ ಹೇಳಬೇಕು.

ಸಿಬ್ಬಂದಿಯ ಬೆನ್ನು ಮುರಿಯುವುದು ಬೈಗುಳಕ್ಕಿಂತ ಹೆಚ್ಚಾಗಿ ಮೇಲಿನವರ ಸಡಿಲತೆ. ಕೆಳಗಿನವರು ಇಲ್ಲ ಎಂದದ್ದಕ್ಕೆ ಮೇಲಿನವರು ಹೂಂ ಎಂದರೆ, ಆಮೇಲೆ ಕೆಳಗಿನವರ ಮಾತಿಗೆ ಯಾರೂ ನಿಲ್ಲುವುದಿಲ್ಲ. ಮೇಲಧಿಕಾರಿ ಟಿಪ್ಪಣಿ ಓದದೆ ಪೋಷಕರನ್ನು ಭೇಟಿ ಮಾಡಬಾರದು. ನಿಜವಾಗಿ ತಪ್ಪಾಗಿದ್ದು ನಿರ್ಧಾರ ಬದಲಾದರೂ, ಅದನ್ನು ತಿಳಿಸುವ ಕರೆ ಮೊದಲು ಮಾತಾಡಿದವರೇ ಮಾಡಬೇಕು. ಒಂದೂವರೆ ಗಂಟೆಗಿಂತ ಹೆಚ್ಚು ಒಬ್ಬರನ್ನೇ ಫೋನಿಗೆ ಕೂರಿಸುವುದಿಲ್ಲ, ಕೆಟ್ಟ ಕರೆಯ ನಂತರ ಹತ್ತು ನಿಮಿಷ ಬಿಡುವು.

ಋತು ಮುಗಿದ ಮೇಲೆ ದೂರುಗಳನ್ನು ಕಾರಣದ ಪ್ರಕಾರ ವಿಂಗಡಿಸುತ್ತೇವೆ. ಬಹುಪಾಲು ಒಂದೇ ಕಡೆ ಬಂದು ಬೀಳುತ್ತವೆ: ಕೈಪಿಡಿಯಲ್ಲಿ ‘ಕನಿಷ್ಠ ಅರ್ಹತೆ’ ಎಂದು ಬರೆದದ್ದನ್ನು ಅಷ್ಟಿದ್ದರೆ ಸೀಟು ಗ್ಯಾರಂಟಿ ಎಂದು ಓದಿಕೊಂಡಿರುತ್ತಾರೆ. ಈಗ ಅದೇ ಸಾಲಿನಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ‘ಇದು ಅರ್ಜಿ ಹಾಕಲು ಮಾತ್ರ’ ಎಂದು ಸೇರಿಸಿ, ಹಿಂದಿನ ವರ್ಷ ಕೊನೆಯ ಸೀಟು ಎಷ್ಟು ಅಂಕಕ್ಕೆ ಹೋಯಿತು ಎಂಬುದನ್ನೂ ಪಕ್ಕದಲ್ಲೇ ಅಚ್ಚು ಮಾಡಿಸುತ್ತೇವೆ.