ಸಿಹಿಗುಂಬಳದ ದುಡ್ಡಲ್ಲಿ ಓಡಿದ ಜೀಪು

ನಮ್ಮದು ಮೂಡಿಗೆರೆ ಕಡೆಯ ಚರ್ಚ್ ಶಾಲೆ. ಅನುದಾನಿತ, ಕನ್ನಡ ಮಾಧ್ಯಮ. ಚಿಕ್ಕಮಗಳೂರು ಧರ್ಮಪ್ರಾಂತ್ಯ, ಅಂದರೆ ಬಿಷಪ್ಪರ ವ್ಯಾಪ್ತಿ, ಆದದ್ದು 1963ರಲ್ಲಿ, ಶಾಲೆ ಅದಕ್ಕಿಂತ ಹಳೆಯದು. ನಾನು ಕ್ರೈಸ್ತನಲ್ಲ, ಆದರೂ 11 ವರ್ಷದಿಂದ ಅಲ್ಲೇ ಹೆಡ್‌ಮಾಸ್ಟರ್. ಐದು ವರ್ಷದ ಹಿಂದೆ ಒಂದರಿಂದ ಏಳನೇ ಕ್ಲಾಸಿನವರೆಗೆ ಎಲ್ಲ ಸೇರಿ 31 ಮಕ್ಕಳು. ‘ಇನ್ನೆರಡು ವರ್ಷಕ್ಕೆ ಬೀಗ’ ಅಂತ ಪಕ್ಕದೂರಿನ ಮೇಷ್ಟ್ರು ನಗುತ್ತಿದ್ದರು. ಈಗ 90ರ ಹತ್ತಿರ ಇದ್ದಾರೆ.

ಅನುದಾನದ ಕಥೆ ನಿಮಗೆ ಗೊತ್ತೇ ಇದೆ. ಮಂಜೂರಾದ ಹುದ್ದೆಯ ಸಂಬಳ, ಬಿಸಿಯೂಟ, ಹಾಲು, ಪುಸ್ತಕ ಸರ್ಕಾರದ್ದು. ಹಂಚು ಒಡೆದರೆ ಚರ್ಚಿನದ್ದು. ಒಬ್ಬರು ರಿಟೈರ್ ಆದರೆ, ಆ ಜಾಗ ತುಂಬಲು ಅನುಮತಿ ಬರುವ ತನಕ ಬದಲಿ ಟೀಚರ್ ಸಂಬಳವೂ ಚರ್ಚಿನದ್ದೇ. ಇಬ್ಬರಿಗೆ ತಲಾ 8 ಸಾವಿರದ ಹಾಗೆ ಫಾದರ್ ಕಾಣಿಕೆ ದುಡ್ಡಿಂದ ಕೊಡುತ್ತಿದ್ದರು.

ಮೊದಲು ಎಲ್ಲರಂತೆ ಮೇ ತಿಂಗಳಲ್ಲಿ ಪಾಂಪ್ಲೆಟ್ ಹಿಡಿದು ಸುತ್ತಿದೆವು. 6 ಸಾವಿರ ಖರ್ಚು, ಬಂದದ್ದು ಇಬ್ಬರು. ಒಬ್ಬ ಜುಲೈನಲ್ಲೇ ಟಿ.ಸಿ. ತಗೊಂಡು ಹೋದ. ಶಾಲೆಯ ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿ ದುಡ್ಡು ಮಾಡೋಣ ಅಂತಲೂ ಹೊರಟೆ. 60 ಬಳ್ಳಿ ಹಾಕಿದೆ, ಸೊರಗು ರೋಗ ಬಂದು 17 ಉಳಿದವು. ಬಿಡಿ.

ಆಮೇಲೆ ಕಾಫಿ ತೋಟದ ಕೂಲಿಗಳಿರುವ ಲೈನ್ ಮನೆಗಳ ಕಡೆ ಕಣ್ಣು ಹೋಯಿತು. ನವೆಂಬರ್‌ನಲ್ಲಿ ಕಾಫಿ ಕೊಯ್ಲಿಗೆ ಜನ ಬರುತ್ತಾರೆ, ಈಗ ಅಸ್ಸಾಂನವರೂ ಜಾಸ್ತಿ. ಮಕ್ಕಳು ಕಣದಲ್ಲಿ ಸುಮ್ನೆ ಆಡಿಕೊಂಡಿರುತ್ತಾರೆ. ಜೂನ್‌ನ ದಾಖಲಾತಿ ಕಳೆದ ಮೇಲೆ ಅವರನ್ನು ಯಾರು ಕೇಳುತ್ತಾರೆ? ಕೂಲಿ ಕೊಡುವ ಬಟವಾಡೆ ದಿನ ಸಂಜೆ ಹೋದೆ. ಅಪ್ಪ, ಅಮ್ಮ ಇಬ್ಬರೂ ಒಟ್ಟಿಗೆ ಸಿಗುವುದು ಅವತ್ತೇ. ಆದರೆ ಮೊದಲು ಮಾತಾಡಿದ್ದು ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ. ಏನು ಹೇಳಿದೆ ಅಂತ ಬರೆಯುವುದಿಲ್ಲ, ಪಕ್ಕದೂರಿನ ಮೇಷ್ಟ್ರೂ ಇದನ್ನು ಓದುತ್ತಾರೆ.

ಮೊದಲ ವರ್ಷ 19 ಮಕ್ಕಳು ಸೇರಿದರು. ನಾಲ್ಕು ಕಿಲೋಮೀಟರ್ ನಡೆಯಲಾಗದೆ ಕ್ರಿಸ್ಮಸ್ ರಜೆ ಮುಗಿಯುವಷ್ಟರಲ್ಲಿ 7 ಉಳಿದರು. ಅವರನ್ನು ಕರೆತರಲು ಜೀಪ್ ಇಡೋಣ ಅಂದರೆ ಬಾಡಿಗೆ ತಿಂಗಳಿಗೆ 14 ಸಾವಿರ. ಚರ್ಚ್ ಕಮಿಟಿಯಲ್ಲಿ ಒಬ್ಬ ಹಿರಿಯರು ಎದ್ದರು. ‘ಮೇಷ್ಟ್ರೇ, ನಮ್ಮ ಮಕ್ಕಳೇ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗ್ತಾರೆ. ಜೀಪು ಯಾರಿಗೆ?’ ಫಾದರ್ ಏನೂ ಹೇಳಲಿಲ್ಲ. ಸೆಪ್ಟೆಂಬರ್ 8ಕ್ಕೆ ಬರುವ ಮೇರಿ ಮಾತೆಯ ಹುಟ್ಟುಹಬ್ಬ, ಮೊಂತಿ ಹಬ್ಬದಲ್ಲಿ ಪೂಜೆ ಮುಗಿದ ಮೇಲೆ ತರಕಾರಿ ಹರಾಜು ನಡೆಯುತ್ತದಲ್ಲ, ಆ ದುಡ್ಡು ಜೀಪಿಗೆ ಅಂತ ಎಲ್ಲರ ಮುಂದೆ ಹೇಳಿಬಿಟ್ಟರು. ಒಂದು ಸಿಹಿಗುಂಬಳ ಏರುತ್ತಾ ಏರುತ್ತಾ 3,200ಕ್ಕೆ ನಿಂತಿತು. ಕೂಗಿದ್ದು ಅದೇ ಹಿರಿಯರು! ಒಟ್ಟು 40 ಸಾವಿರ ದಾಟಿತು. ಡೀಸೆಲ್ ಒಬ್ಬ ತೋಟದ ಮಾಲೀಕರು ಹಾಕಿಸಿದರು. ಮಕ್ಕಳು ಶಾಲೆಗೆ ಬಂದರೆ ಆಳುಗಳೂ ನಿಲ್ಲುತ್ತಾರೆ ಅನ್ನೋದು ಅವರ ಲೆಕ್ಕ. ಕೊಯ್ಲು ಮುಗಿದರೂ ಹತ್ತು ಹನ್ನೆರಡು ಮನೆಯವರು ಊರಿಗೆ ಹೋಗಲಿಲ್ಲ.

ಮೊನ್ನೆ ಖಾಲಿ ಹುದ್ದೆಯ ಫೈಲ್ ಹಿಡಿದು ಶಿಕ್ಷಣ ಇಲಾಖೆ ಕಚೇರಿಗೆ ಹೋದೆ. ‘ಸ್ಟ್ರೆಂತ್ ಎಷ್ಟು, ಮಕ್ಕಳೆಷ್ಟು?’ ಅಂದರು. ಈ ಸಲ ಜೋರಾಗಿಯೇ ಹೇಳಿದೆ. ಫೈಲ್ ಇನ್ನೂ ಅಲ್ಲೇ ಇದೆ.