ಸಂತೆಯಲ್ಲಿ ನಾನು ಮೊದಲು ವಸ್ತುವಿನ ಬೆನ್ನು ನೋಡುತ್ತೇನೆ

ಕೈಯಿಂದ ಮಾಡಿದ್ದು ಅಂತ ಯಾರಾದರೂ ಒಂದು ವಸ್ತು ಕೈಗಿಟ್ಟರೆ ನಾನು ಮೊದಲು ಅದನ್ನು ತಿರುಗಿಸಿ ನೋಡುತ್ತೇನೆ. ಬಟ್ಟೆಯಾದರೆ ಒಳಮೈ, ಮಣ್ಣಿನ ಪಾತ್ರೆಯಾದರೆ ತಳ, ಬುಟ್ಟಿಯಾದರೆ ಹೆಣಿಗೆ ಶುರುವಾದ ಜಾಗ. ಮುಂಭಾಗ ಕೊಳ್ಳುವವರಿಗಾಗಿ ಸಿಂಗಾರವಾಗಿರುತ್ತದೆ, ಕೆಲಸ ನಡೆದ ಗುರುತು ಉಳಿಯುವುದು ಹಿಂಭಾಗದಲ್ಲಿ. ಊರೂರಿನ ಕರಕುಶಲ ಸಂತೆ, ತಿನಿಸಿನ ಸಂತೆ ಸುತ್ತಿ ಸುತ್ತಿ ಬಂದ ಅಭ್ಯಾಸ ಇದು. ಹೊಸದಾಗಿ ಹೀಗೆ ಸುತ್ತಲು ಹೊರಟವರಿಗೆ ಉಪಯೋಗವಾಗಲಿ ಅಂತ ನಾನು ಹೇಗೆ ನೋಡುತ್ತೇನೆ, ಏನು ಕೇಳುತ್ತೇನೆ ಎಂದು ಬರೆಯುತ್ತಿದ್ದೇನೆ.

ನಾನು ಹೋಗುವುದು ಬೆಳಿಗ್ಗೆ, ಮಳಿಗೆಗಳು ತೆರೆಯುತ್ತಿರುವ ಹೊತ್ತಿಗೆ. ಜನ ಕಡಿಮೆ ಇರುತ್ತಾರೆ, ತಿನಿಸು ತಾಜಾ ಇರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಮಾಡಿದವರಿಗೆ ಮಾತಾಡಲು ಪುರುಸೊತ್ತಿರುತ್ತದೆ. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ನಿಂತು 'ಇದನ್ನು ಹೇಗೆ ಮಾಡ್ತೀರಿ' ಎಂದು ಕೇಳಿದರೆ ಪಾಪ ಅವರು ಯಾರಿಗೆ ಉತ್ತರ ಕೊಡಬೇಕು? ಕೊನೆಯ ಗಂಟೆಗೆ ಹೋದರೆ ಬೆಲೆ ಇಳಿಯುತ್ತದೆ ಎನ್ನುವವರಿದ್ದಾರೆ. ಹಣ್ಣು ತರಕಾರಿಗೆ ಅದು ನಿಜ ಇರಬಹುದು. ಕುಶಲಕರ್ಮಿಯ ಮಳಿಗೆಗೆ ಆ ಲೆಕ್ಕದಲ್ಲಿ ಹೋಗುವುದು ನನಗೆ ಇಷ್ಟವಿಲ್ಲ.

ಮೊದಲ ಸುತ್ತಿನಲ್ಲಿ ಏನೂ ಕೊಳ್ಳುವುದಿಲ್ಲ. ಸುಮ್ನೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತೇನೆ. ಈ ಸುತ್ತಿನಲ್ಲಿ ತಿಳಿದುಕೊಳ್ಳಬೇಕಾದ್ದು ಒಂದೇ: ಮಾಡಿ ಮಾರುವವರು ಯಾರು, ತಂದು ಮಾರುವವರು ಯಾರು. ಒಂದೇ ಬೊಂಬೆ, ಅದೇ ಬಣ್ಣ, ಅದೇ ನಗು, ಮೂರು ಮಳಿಗೆಯಲ್ಲಿ ಕಂಡರೆ ಅದು ಒಂದೇ ಕಡೆಯಿಂದ ಬಂದ ಮಾಲು ಎನ್ನುವುದು ಹೆಚ್ಚು ಕಡಿಮೆ ಖಚಿತ. ಮರದ್ದು, ಲೋಹದ್ದು, ಬಟ್ಟೆ, ಚರ್ಮ ಎಲ್ಲವನ್ನೂ ಒಬ್ಬರೇ ಇಟ್ಟುಕೊಂಡಿದ್ದರೂ ಹಾಗೆಯೇ. ಒಂದೇ ಕಸುಬಿನ ಸಾಮಾನು ಇರುವ, ಮೂಲೆಯಲ್ಲಿ ಅರ್ಧ ಮುಗಿದ ಕೆಲಸ ಬಿದ್ದಿರುವ, ಕೂತವರ ಬೆರಳಲ್ಲಿ ಬಣ್ಣವೋ ಮಣ್ಣೋ ಅಂಟಿರುವ ಮಳಿಗೆಗಳನ್ನು ಮನಸ್ಸಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ತಂದು ಮಾರುವುದು ತಪ್ಪಲ್ಲ. ಎಷ್ಟೋ ಹಳ್ಳಿಗಳ ಕೆಲಸ ನಗರ ಮುಟ್ಟುವುದೇ ಅಂಥವರಿಂದ. ಆದರೆ ಎಲ್ಲಿಂದ ತಂದಿರಿ, ಯಾರು ಮಾಡಿದ್ದು ಎಂದು ಕೇಳಿದರೆ ಹೇಳಲು ಅವರಿಗೆ ಬರಬೇಕು, ಅಲ್ವಾ?

ಈಗ ಒಂದು ಮಣ್ಣಿನ ಲೋಟವನ್ನೇ ತೆಗೆದುಕೊಳ್ಳಿ. ತಿರುಗಿಸಿ ತಳ ನೋಡಿ. ಚಕ್ರದ ಮೇಲೆ ತಿರುಗುತ್ತಿರುವಾಗಲೇ ದಾರವೋ ತಂತಿಯೋ ಹಾಕಿ ಕತ್ತರಿಸಿದ್ದರೆ ತಳದಲ್ಲಿ ಬಾಗಿದ ಗೆರೆಗಳು ಒಂದರ ಪಕ್ಕ ಒಂದು ಕಾಣುತ್ತವೆ. ಒಳಗೆ ಬೆರಳು ಹಾಕಿ ಸವರಿದರೆ ಕುಂಬಾರರ ಬೆರಳು ಮೇಲೇರಿದ ಸುರುಳಿ ಕೈಗೆ ಸಿಗುತ್ತದೆ. ಕೆಲವರು ತಳವನ್ನು ಕೆತ್ತಿ ನಯ ಮಾಡುತ್ತಾರೆ, ಆಗ ತಂತಿಯ ಗೆರೆ ಇರುವುದಿಲ್ಲ, ಒಳಗಿನ ಸುರುಳಿ ಮಾತ್ರ ಸಾಮಾನ್ಯವಾಗಿ ಉಳಿದಿರುತ್ತದೆ. ಅಚ್ಚಿಗೆ ಮಣ್ಣಿನ ದ್ರವ ಸುರಿದು ಮಾಡಿದ ಲೋಟದಲ್ಲಿ ಈ ಸುರುಳಿ ಇರುವುದಿಲ್ಲ. ಅಚ್ಚಿನ ಎರಡು ಭಾಗ ಕೂಡಿದ ಕಡೆ ಪಕ್ಕದಲ್ಲಿ ಒಂದು ಸಣ್ಣ ಏಣು ಮೇಲಿಂದ ಕೆಳಗೆ ಇಳಿದಿರುತ್ತದೆ. ತಳದಲ್ಲಿ ಗ್ಲೇಜ್ ಎನ್ನುವ ಹೊಳಪಿನ ಲೇಪ ಇಲ್ಲದ ಬರಿಯ ಮಣ್ಣಿನ ಉಂಗುರ ಕಂಡರೆ ಅದನ್ನು ಕೊರತೆ ಎಂದುಕೊಳ್ಳಬೇಡಿ. ಒಲೆಯಲ್ಲಿ ಗ್ಲೇಜ್ ಕರಗಿ ಗಾಜಿನಂತಾಗುತ್ತದೆ, ತಳಕ್ಕೂ ಬಳಿದರೆ ಲೋಟ ಕೆಳಗಿನ ಹಲಗೆಗೆ ಅಂಟಿಕೊಂಡುಬಿಡುತ್ತದೆ, ಅದಕ್ಕೇ ಒರೆಸಿ ಬಿಟ್ಟಿರುತ್ತಾರೆ. ಆಮೇಲೆ ಅಂಗೈ ಮೇಲೆ ಇಟ್ಟು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಚೆನ್ನಾಗಿ ಬೆಂದದ್ದು ಠಣ್ ಎನ್ನುತ್ತದೆ. ಸದ್ದು ಮಂಕಾಗಿ ಬಂದರೆ ಎಲ್ಲೋ ಕೂದಲೆಳೆ ಸೀಳು ಇರಬಹುದು, ಇಲ್ಲವೇ ಕಡಿಮೆ ಶಾಖದಲ್ಲಿ ಸುಟ್ಟ ಮೆದು ಮಣ್ಣಿರಬಹುದು. ಸ್ಟೋನ್‌ವೇರ್ ಎನ್ನುವ ಗಟ್ಟಿ ಪಾತ್ರೆಗಳನ್ನು ಸುಮಾರು 1200ರಿಂದ 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಅದಕ್ಕಿಂತ ಕಡಿಮೆ ಶಾಖದಲ್ಲಿ ಸುಟ್ಟ ಸಾಮಾನ್ಯ ಮಣ್ಣಿನ ಪಾತ್ರೆ ನೀರು ಹೀರುತ್ತದೆ.

ಊಟಕ್ಕೆ ಬಳಸುವ ಪಾತ್ರೆಯಾದರೆ ನಾನು ಬಿಡದೆ ಕೇಳುವ ಪ್ರಶ್ನೆ ಒಂದಿದೆ: ಗ್ಲೇಜ್‌ನಲ್ಲಿ ಸೀಸ ಇದೆಯಾ? ಹಳೆಯ ಪದ್ಧತಿಯ ಕೆಲವು ಹೊಳಪುಗಳಲ್ಲಿ ಸೀಸ ಇರುತ್ತದೆ, ಹುಳಿ ಪದಾರ್ಥ ಹಾಕಿದರೆ ಅದು ಆಹಾರಕ್ಕೆ ಇಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ರುಚಿಗೂ ಸಿಗುವುದಿಲ್ಲ. ಅನುಭವಸ್ಥರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ಇದು ಊಟಕ್ಕೆ, ಇದು ಬರೀ ಅಲಂಕಾರಕ್ಕೆ ಎಂದು ತಾವೇ ಬೇರೆ ಮಾಡಿ ತೋರಿಸುತ್ತಾರೆ. ಉತ್ತರ ಗೊತ್ತಿಲ್ಲ ಎಂದರೆ ಆ ಪಾತ್ರೆ ಎಷ್ಟೇ ಚೆಂದ ಇದ್ದರೂ ನಾನು ಅದರಲ್ಲಿ ಉಣ್ಣುವುದಿಲ್ಲ.

ಬಟ್ಟೆಯ ವಿಷಯ ಇನ್ನೂ ಸ್ವಾರಸ್ಯ. ಮೊದಲು ಅಂಚು ಹಿಡಿದು ನೋಡುತ್ತೇನೆ. ಲಾಳಿ ಹಾಕಿ ನೇಯ್ದ ಬಟ್ಟೆಯಲ್ಲಿ ಹೊಕ್ಕಿನ ನೂಲು, ಅಂದರೆ ಅಡ್ಡಕ್ಕೆ ಹಾಯುವ ಎಳೆ, ಅಂಚಿಗೆ ಹೋಗಿ ತಿರುಗಿ ಒಳಗೆ ಬಂದಿರುತ್ತದೆ. ಅಂಚಿನುದ್ದಕ್ಕೂ ನೂಲಿನ ತುದಿಗಳು ಕತ್ತರಿಸಿ ಜುಂಗಿನ ಹಾಗೆ ನಿಂತಿದ್ದರೆ ಅದು ಲಾಳಿ ಇಲ್ಲದ ಹೊಸ ಯಂತ್ರದ ಬಟ್ಟೆ. ಹಾಗಂತ ತಿರುಗಿದ ನೂಲು ಕಂಡ ಕೂಡಲೇ ಕೈಮಗ್ಗ ಎನ್ನಲಾಗದು, ಹಳೆಯ ವಿದ್ಯುತ್ ಮಗ್ಗದಲ್ಲೂ ಲಾಳಿ ಇರುತ್ತದೆ. ಆದ್ದರಿಂದ ಬರೀ ಒಂದು ಗುರುತನ್ನು ನಂಬಬೇಡಿ. ನೇಯ್ದ ಹೂವಿದ್ದರೆ ಒಳಮೈ ತಿರುವಿ ನೋಡಿ. ಕೈಯಲ್ಲಿ ಒಂದೊಂದು ಹೂವಿಗೂ ನೂಲು ಸುತ್ತಿದ ಬೇರೆ ಬೇರೆ ಸಣ್ಣ ಕಂಡಿಕೆ ಇಟ್ಟು ನೇಯ್ದಿದ್ದರೆ ನೂಲು ಆ ಹೂವಿನೊಳಗೇ ತಿರುಗಿಕೊಂಡಿರುತ್ತದೆ. ಯಂತ್ರದಲ್ಲಿ ನೂಲು ಸಾಮಾನ್ಯವಾಗಿ ಒಂದು ಹೂವಿನಿಂದ ಮುಂದಿನ ಹೂವಿಗೆ ಹಿಂಬದಿಯಲ್ಲಿ ಸಡಿಲವಾಗಿ ಹಾದುಹೋಗಿರುತ್ತದೆ, ಇಲ್ಲವೇ ಅದನ್ನು ಕತ್ತರಿಸಿದ ಜುಬ್ಬರ ತುದಿ ಉಳಿದಿರುತ್ತದೆ.

ಮರದ ಅಚ್ಚಿನಿಂದ ಒತ್ತಿದ ಬಟ್ಟೆಗೆ ಬೇರೆ ಪರೀಕ್ಷೆ. ಅಚ್ಚು ಎಷ್ಟು ದೊಡ್ಡದು ಎಂದು ಮೊದಲು ಕಣ್ಣಲ್ಲೇ ಹುಡುಕಿ, ಆಮೇಲೆ ಒಂದು ಒತ್ತಿನ ಮೂಲೆ ಮುಂದಿನ ಒತ್ತಿಗೆ ಸೇರುವ ಜಾಗ ನೋಡಿ. ಒಂದು ಕಡೆ ಕೂದಲೆಳೆಯಷ್ಟು ಬಿಟ್ಟಿರುತ್ತದೆ, ಇನ್ನೊಂದು ಕಡೆ ಸ್ವಲ್ಪ ಮೇಲೆ ಬಿದ್ದು ಬಣ್ಣ ಗಾಢವಾಗಿರುತ್ತದೆ. ಅಚ್ಚೇ ಎಲ್ಲಾದರೂ ಚಕ್ಕೆ ಎದ್ದಿದ್ದರೆ ಆ ಕಲೆ ಪ್ರತಿ ಒತ್ತಿನಲ್ಲೂ ಬರುತ್ತದೆ, ಅದು ಸಹಜ. ಆದರೆ ಎರಡು ಒತ್ತು ಸೇರುವ ಜಾಗದ ಏರುಪೇರು ಎಲ್ಲ ಕಡೆ ಒಂದೇ ಥರ, ಒಂದೇ ಅಳತೆಗೆ ಮತ್ತೆ ಮತ್ತೆ ಬಂದರೆ ಅದು ಕೈಯ ಕೆಲಸದ ಚಿತ್ರವನ್ನು ಯಂತ್ರದಲ್ಲಿ ಮುದ್ರಿಸಿದ್ದು.

ನೀಲಿ ಬಣ್ಣ ಹಾಕುವವರು ಸಂತೆಯಲ್ಲೇ ತೊಟ್ಟಿ ಇಟ್ಟುಕೊಂಡಿದ್ದರೆ ದಯವಿಟ್ಟು ಅಲ್ಲಿ ನಿಲ್ಲಿ, ಬೇರೆಲ್ಲ ಬಿಟ್ಟರೂ ಪರವಾಗಿಲ್ಲ. ಆ ನೀಲಿ, ಅಂದರೆ ಇಂಡಿಗೊ, ನೀರಿನಲ್ಲಿ ಕರಗುವುದಿಲ್ಲ. ಕ್ಷಾರದ ನೀರಿನಲ್ಲಿ ಹುದುಗು ಬರಿಸಿಯೋ ಬೇರೆ ಪದಾರ್ಥ ಹಾಕಿಯೋ ಅದರ ರಾಸಾಯನಿಕ ರೂಪ ಬದಲಾಯಿಸಿದಾಗ ಮಾತ್ರ ಕರಗಿ ಹಳದಿ ಹಸಿರು ದ್ರವವಾಗುತ್ತದೆ. ಒಮ್ಮೆ ಹೀಗೆ ಒಂದು ತೊಟ್ಟಿಯ ಮುಂದೆ ನಿಂತಿದ್ದೆ. ಹಿರಿಯ ಹೆಂಗಸೊಬ್ಬರು ಬಟ್ಟೆ ಮೇಲೆತ್ತಿದರು, ಎಳೆ ಎಲೆಯ ಹಸಿರು. ಮಡಿಕೆ ಬಿಡಿಸಿ ಗಾಳಿಗೆ ಹಿಡಿದರು. ಅಂಚಿನಿಂದ ನೀಲಿ ಒಳಗೆ ಹರಿಯುತ್ತಾ ಬಂತು, ಮಡಿಕೆಯ ಸಂದಿನಲ್ಲಿ ಗಾಳಿ ತಾಗದ ಕಡೆ ಹಸಿರು ಇನ್ನೂ ಸ್ವಲ್ಪ ಹೊತ್ತು ನಿಂತಿತ್ತು. 'ಇನ್ನೂ ಗಾಢ ಬೇಕಾದರೆ ಏನು ಮಾಡ್ತೀರಮ್ಮಾ?' ಎಂದು ಕೇಳಿದೆ. 'ಹೊತ್ತು ಜಾಸ್ತಿ ಇಟ್ಟರೆ ಆಗಲ್ಲ, ಮುಳುಗಿಸಬೇಕು, ತೆಗೀಬೇಕು, ಗಾಳಿ ಕುಡಿಸಬೇಕು, ಮತ್ತೆ ಮುಳುಗಿಸಬೇಕು' ಎಂದರು. ಆಮೇಲೆ ನಾನು ಯಾವ ಕಡು ನೀಲಿ ಬಟ್ಟೆ ಹಿಡಿದರೂ ಅದರ ಬೆಲೆಯಲ್ಲಿ ಎಷ್ಟು ಮುಳುಗು ಸೇರಿದೆ ಎನ್ನುವುದು ಅರ್ಥವಾಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಿಡದಿಂದ ತೆಗೆದ ನೀಲಿ, ಕಾರ್ಖಾನೆಯ ನೀಲಿ ಎರಡರಲ್ಲೂ ಬಣ್ಣ ಕೊಡುವ ಅಣು ಒಂದೇ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1897ರಲ್ಲಿ ಕೃತಕ ಇಂಡಿಗೊವನ್ನು ಮಾರುಕಟ್ಟೆಗೆ ತಂದಾಗಿನಿಂದ ಬರೀ ನೋಡಿ ಇದು ಗಿಡದ್ದು ಎಂದು ಹೇಳುವುದು ನಮ್ಮಂಥವರ ಕೈಲಾಗದ ಕೆಲಸ. ಹಾಗಾಗಿ ನಾನು ಬಣ್ಣ ನೋಡಿ ತೀರ್ಮಾನ ಮಾಡುವುದಿಲ್ಲ. ತೊಟ್ಟಿ ಹೇಗೆ ಕಟ್ಟುತ್ತೀರಿ, ಹುದುಗಿಗೆ ಏನು ಹಾಕುತ್ತೀರಿ, ಚಳಿಗಾಲದಲ್ಲಿ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ನಿಜವಾಗಿ ಮಾಡುವವರ ಉತ್ತರದಲ್ಲಿ ತಾಪತ್ರಯಗಳೂ ಸೇರಿರುತ್ತವೆ. ತೊಟ್ಟಿ ಕೆಟ್ಟದ್ದು, ಮಳೆಗಾಲದಲ್ಲಿ ಒಣಗದ್ದು, ಎಲ್ಲ ಹೇಳುತ್ತಾರೆ. 'ಎಲ್ಲಾ ನ್ಯಾಚುರಲ್' ಎಂದು ಒಂದೇ ಮಾತಿನಲ್ಲಿ ಮುಗಿಸುವವರ ಹತ್ತಿರ ನನಗೆ ಅನುಮಾನ ಜಾಸ್ತಿ.

ನೂಲು ಯಾವುದು ಎನ್ನುವ ಸಂಶಯವಿದ್ದರೆ ಅಂಚಿನಿಂದ ಒಂದು ಎಳೆ ಕೊಡ್ತೀರಾ ಎಂದು ಕೇಳಿ, ಅವರ ಮುಂದೆಯೇ, ಮಳಿಗೆಯಿಂದ ಆಚೆ ಬಂದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾಗುತ್ತದೆ. ಉಣ್ಣೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಲೋಹದ್ದು ಬೇಗ ಹೇಳಿಬಿಡುತ್ತೇನೆ: ಮೇಣದ ಅಚ್ಚು ಕರಗಿಸಿ ಎರಕ ಹೊಯ್ಯುವ ಪದ್ಧತಿಯಲ್ಲಿ ಪ್ರತಿ ಸಲ ಮಣ್ಣಿನ ಅಚ್ಚನ್ನು ಒಡೆದೇ ಮೂರ್ತಿ ಹೊರತೆಗೆಯಬೇಕು. ಮೇಣದ ಮಾದರಿಯನ್ನೂ ಕೈಯಲ್ಲೇ ಮಾಡುವವರಾದರೆ ಎರಡು ಮೂರ್ತಿ ಪಡಿಯಚ್ಚಾಗಿ ಒಂದೇ ಥರ ಇರಲು ಸಾಧ್ಯವಿಲ್ಲ. ಆನೆದಂತ, ಆಮೆಚಿಪ್ಪು ಎಂದು ಏನಾದರೂ ತೋರಿಸಿದರೆ ಮುಟ್ಟಲೇಬೇಡಿ. 1975ರಿಂದ ಜಾರಿಯಲ್ಲಿರುವ ಸೈಟಿಸ್ ಎನ್ನುವ, ಅಳಿವಿನ ಅಪಾಯದ ಜೀವಿಗಳನ್ನು ಕಾಪಾಡುವ ಒಪ್ಪಂದ ಇಂಥವುಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಬಿಗಿಯಾಗಿ ತಡೆಯುತ್ತದೆ. ಗಡಿಯಲ್ಲಿ ಸಿಕ್ಕಿಬೀಳುವವರು ಕೊಂಡವರೇ.

ತಿನಿಸಿನ ಸಾಲಿಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಬಿಸಿಯ ಮೇಲೆ. ಬೇಯಿಸಿದ್ದು ಹಬೆಯಾಡುತ್ತಿರಬೇಕು, ತಣ್ಣಗೆ ಇಡಬೇಕಾದದ್ದು ನಿಜವಾಗಿ ತಣ್ಣಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಸುಲಭ: 5 ಡಿಗ್ರಿಗಿಂತ ಕೆಳಗೆ ಅಥವಾ 60 ಡಿಗ್ರಿಗಿಂತ ಮೇಲೆ ಇದ್ದರೆ ಕ್ಷೇಮ, ನಡುವಿನ ಉಗುರುಬೆಚ್ಚಗೆಯಲ್ಲಿ ರೋಗಾಣು ಬೇಗ ಬೆಳೆಯುತ್ತವೆ, ಬೇಯಿಸಿದ್ದನ್ನು 2 ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಜನ ಸಾಲುಗಟ್ಟಿ ನಿಂತ ಕಡೆ ನಾನೂ ನಿಲ್ಲುತ್ತೇನೆ, ಅಲ್ಲಿ ಪಾತ್ರೆ ಬೇಗ ಖಾಲಿಯಾಗಿ ಹೊಸದು ಬರುತ್ತಿರುತ್ತದೆ. ದುಡ್ಡು ಮುಟ್ಟಿದ ಕೈಯಲ್ಲೇ ಬಡಿಸಿದರೆ ಮುಂದೆ ಹೋಗುತ್ತೇನೆ.

ಮನೆಗೆ ಕೊಂಡೊಯ್ಯುವ ಬಾಟಲಿಗಳಲ್ಲಿ ಜೇನಿನ ಬಗ್ಗೆ ಇರುವಷ್ಟು ತಪ್ಪು ಕಲ್ಪನೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಹರಳುಗಟ್ಟಿದ ಜೇನು ಸಕ್ಕರೆ ಬೆರೆಸಿದ್ದು ಎಂದು ಜನ ಬಿಟ್ಟು ಹೋಗುತ್ತಾರೆ. ಜೇನಿನಲ್ಲಿರುವ ಗ್ಲೂಕೋಸ್ ತಾನಾಗಿ ಹರಳಾಗುತ್ತದೆ, ಗ್ಲೂಕೋಸ್ ಜಾಸ್ತಿ ಇರುವ ಹೂವಿನ ಜೇನು ಬೇಗ ಹರಳುಗಟ್ಟುತ್ತದೆ, ಅಷ್ಟೇ. ನೀರಿಗೆ ಹನಿ ಬಿಟ್ಟು ನೋಡುವ ಪರೀಕ್ಷೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಗಟ್ಟಿ ಸಕ್ಕರೆ ಪಾಕವೂ ಅದರಲ್ಲಿ ಪಾಸಾಗುತ್ತದೆ. ಯಾವ ಹೂವಿನ ಕಾಲ, ಪೆಟ್ಟಿಗೆ ಎಲ್ಲಿಟ್ಟಿದ್ದಿರಿ, ಯಾವಾಗ ತೆಗೆದದ್ದು ಎಂದು ಕೇಳಿ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಎಂಥ ಶುದ್ಧ ಜೇನನ್ನೂ ಕೊಡಬೇಡಿ, ಬಾಟ್ಯುಲಿಸಂ ಎನ್ನುವ ಕಾಯಿಲೆಯ ಅಪಾಯವಿದೆ.

ಅದೇ ಕಾಯಿಲೆಯ ಕಾರಣಕ್ಕೆ ನಾನು ಸಂತೆಯಲ್ಲಿ ಕೊಳ್ಳದ ಒಂದು ಪದಾರ್ಥವಿದೆ: ಹುಳಿ ಹಾಕದೆ, ಫ್ರಿಜ್‌ನಲ್ಲಿ ಇಡದೆ, ಬರೀ ಎಣ್ಣೆಯಲ್ಲಿ ಮುಳುಗಿಸಿಟ್ಟ ಹಸಿ ಬೆಳ್ಳುಳ್ಳಿ. ಎಣ್ಣೆಯೊಳಗೆ ಗಾಳಿ ಇಲ್ಲ, ಹುಳಿಯೂ ಇಲ್ಲ. ಆ ರೋಗಾಣುವಿಗೆ ಬೇಕಾದ್ದು ಅದೇ. ವಾಸನೆ ರುಚಿಯಲ್ಲಿ ಗೊತ್ತಾಗಲೇಬೇಕು ಎಂದೇನಿಲ್ಲ. ಹುಳಿ ಚೆನ್ನಾಗಿರುವ ಉಪ್ಪಿನಕಾಯಿ, ಸಕ್ಕರೆ ಚೆನ್ನಾಗಿರುವ ಜಾಮ್ ಧೈರ್ಯವಾಗಿ ಕೊಳ್ಳುತ್ತೇನೆ. ವಿಮಾನದಲ್ಲಿ ಹೋಗುವವರಾದರೆ ಜೇನು, ಜಾಮ್, ಮೆತ್ತನೆಯ ಚೀಸ್ ಕೂಡ ದ್ರವದ ಲೆಕ್ಕಕ್ಕೇ ಬರುತ್ತವೆ, ಬಹಳಷ್ಟು ವಿಮಾನ ನಿಲ್ದಾಣಗಳಲ್ಲಿ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಸುತ್ತಿಡಿ.

ಚೌಕಾಸಿಯ ಬಗ್ಗೆ ನನ್ನ ನಿಲುವು ಗಟ್ಟಿಯಾಗಿದೆ. ತಂದು ಮಾರುವವರ ಹತ್ತಿರ ನಾಲ್ಕು ಮಾತು ಆಡುತ್ತೇನೆ. ಮಾಡಿದವರ ಹತ್ತಿರ ಆಡುವುದಿಲ್ಲ. ಇದಕ್ಕೆ ಎಷ್ಟು ದಿನ ಹಿಡಿಯಿತು ಎಂದು ಕೇಳುತ್ತೇನೆ, ಆ ದಿನಗಳಿಂದ ಬೆಲೆಯನ್ನು ಭಾಗಿಸಿ ನೋಡಿದರೆ ಸಾಮಾನ್ಯವಾಗಿ ಕಡಿಮೆ ಮಾಡಿ ಎನ್ನಲು ಬಾಯಿ ಬರುವುದಿಲ್ಲ. ನನ್ನ ಕೈಗೆ ಎಟುಕದಿದ್ದರೆ ಅದನ್ನು ನೇರವಾಗಿ ಹೇಳಿ, ಅವರ ಕೆಲಸದಲ್ಲೇ ಸಣ್ಣದು ಏನಿದೆ ಎಂದು ಕೇಳುತ್ತೇನೆ. ಫೋಟೊ ತೆಗೆಯುವ ಮುಂಚೆಯೂ ಕೇಳಬೇಕು. ಒಂದು ವಿನ್ಯಾಸದ ಚಿತ್ರ ಹೊರಗೆ ಹೋಯಿತೆಂದರೆ ಅದರ ಅಗ್ಗದ ನಕಲು ಬರಲು ಎಷ್ಟು ಹೊತ್ತು?

ಹೇಳಿ ಮಾಡಿಸುವುದಾದರೆ ಅಳತೆ, ಬಣ್ಣ, ಕೊಡುವ ದಿನ ಮೂರನ್ನೂ ಚೀಟಿಯಲ್ಲಿ ಬರೆದು, ಅರ್ಧ ಹಣ ಮುಂಗಡ ಕೊಡಿ, ಅವರಿಗೆ ಸಾಮಗ್ರಿ ಕೊಳ್ಳಬೇಕಲ್ಲ. ಮತ್ತೆ ಮಳಿಗೆ ಬಿಡುವ ಮುಂಚೆ ಅದನ್ನು ತೊಳೆಯುವುದು ಹೇಗೆ, ಮುರಿದರೆ ರಿಪೇರಿ ಮಾಡಿಕೊಡುತ್ತೀರಾ ಎಂದು ಕೇಳಿ. ಗಿಡದ ಬಣ್ಣದ ಬಟ್ಟೆಯನ್ನು ಮೊದಲ ಕೆಲವು ಸಲ ಬೇರೆಯಾಗಿ ತಣ್ಣೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅರಗಿನ ಬಣ್ಣದ ಮರದ ಸಾಮಾನನ್ನು ನೆನೆಹಾಕಬೇಡಿ, ಬಿಸಿಯ ಹತ್ತಿರವೂ ಇಡಬೇಡಿ, ಅರಗು ಮೆತ್ತಗಾಗುತ್ತದೆ. ಗ್ಲೇಜ್ ಇಲ್ಲದ ಮಣ್ಣಿನ ಪಾತ್ರೆಗೆ ಸೋಪು ಹಾಕಬೇಡಿ, ಅದು ಸೋಪನ್ನೂ ಹೀರಿಕೊಳ್ಳುತ್ತದೆ. ಬಿಸಿನೀರು, ನಾರಿನ ಬ್ರಷ್ ಸಾಕು.