ಬಿದ್ದವರ ಹಿಂದೆ ಬಿದ್ದು ಗೆದ್ದದ್ದು

ಆಟ ಫ್ಯಾಂಟಸಿ ಕ್ರಿಕೆಟ್ಟಿನಂಥದ್ದೇ, ನಾವು ಆಡುವುದು ಸೈಕಲ್ ರೇಸಿನ ಮೇಲೆ. ಹತ್ತು-ಹನ್ನೆರಡು ಜನ ಗೆಳೆಯರು, ತಲಾ ಎರಡು ಸಾವಿರ ರೂಪಾಯಿ ಪಣ, ಪ್ರತಿಯೊಬ್ಬರಿಗೂ ಇಪ್ಪತ್ತೈದು ರೈಡರ್‌ಗಳು. ಕಳೆದ ವರ್ಷ ಗಳಿಸಿದ ಯುಸಿಐ (ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ಪಾಯಿಂಟೇ ರೈಡರ್‌ನ ಬೆಲೆ. ಈ ವರ್ಷ ಗಳಿಸುವುದು ನಮ್ಮ ಸ್ಕೋರು. ಎಲ್ಲರಿಗಿಂತ ಹೆಚ್ಚು ಪಾಯಿಂಟಿನ ಪೊಗಾಚಾರ್‌ನನ್ನು ಕೊಂಡರೆ ಪಾಯಿಂಟ್ ಬಜೆಟ್ಟಿನ ದೊಡ್ಡ ಪಾಲು ಖಾಲಿ, ಲಾಭ ಏನೂ ಇಲ್ಲ. ಹಾಗಾಗಿ ಎಲ್ಲರೂ ಇಪ್ಪತ್ತರ ಹುಡುಗರ ಹಿಂದೆ ಓಡುತ್ತಾರೆ. ನಾನು ಬಿದ್ದವರ ಹಿಂದೆ ಬಿದ್ದೆ. ನನ್ನ ಟೀಮಿಗೆ ‘ಆಸ್ಪತ್ರೆ ವಾರ್ಡು’ ಅಂತ ಹೆಸರಿಟ್ಟವರೇ 2025ರ ಸೀಸನ್ ಮುಗಿದಾಗ ನನಗೆ ಗೂಗಲ್ ಪೇ ಮಾಡಿದರು.

ಕಾಲಲ್ಲಿ ಕಸುವು ಹೋದವನ ಪಾಯಿಂಟೂ ಕಡಿಮೆ, ಮೂರು ತಿಂಗಳು ಹಾಸಿಗೆ ಹಿಡಿದವನ ಪಾಯಿಂಟೂ ಕಡಿಮೆ. ಬೆಲೆ ನೋಡಿದರೆ ಇಬ್ಬರೂ ಒಂದೇ. ಯಾರು ಯಾವ ಕಾರಣಕ್ಕೆ ಅಗ್ಗವಾಗಿದ್ದಾನೆ ಅಂತ ಹುಡುಕುವುದೇ ನನ್ನ ಕೆಲಸ. ಹೇಳೋಕೆ ಸುಲಭ. ಕಲಿಯೋಕೆ ಕೈಯಿಂದ ಹತ್ತು ಸಾವಿರದ ಹತ್ತಿರ ಹೋಯಿತು, ರೇಸ್ ನೋಡಲು ಕಟ್ಟಿದ ಚಂದಾ ಬೇರೆ.

2021ರಲ್ಲಿ ಫ್ರೂಮ್‌ನನ್ನು ಕೊಂಡೆ. ನಾಲ್ಕು ಸಲ ಟೂರ್ ದ ಫ್ರಾನ್ಸ್ ಗೆದ್ದವನು. 2019ರ ಜೂನ್‌ನಲ್ಲಿ ಫ್ರಾನ್ಸಿನ ಡೊಫಿನೆ ರೇಸಿನ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವುದು) ದಾರಿ ನೋಡಿಕೊಳ್ಳುವಾಗ ರೊವಾನ್‌ನಲ್ಲಿ ಗೋಡೆಗೆ ಬಡಿದು ತೊಡೆ ಮೂಳೆ, ಮೊಣಕೈ, ಪಕ್ಕೆಲುಬು ಎಲ್ಲ ಮುರಿದುಕೊಂಡಿದ್ದ. ಪುಕ್ಕಟೆ ಸಿಗ್ತಾನೆ, ಹೋದರೆ ಏನು ಹೋಗುತ್ತೆ ಅಂದುಕೊಂಡೆ. ಒಂದು ಸ್ಥಾನ ಹೋಗುತ್ತೆ, ಸ್ವಾಮಿ. ಇರುವುದೇ ಇಪ್ಪತ್ತೈದು. 2022ರ ಟೂರ್‌ನಲ್ಲಿ ಆಲ್ಪ್ ದ್ವೆಜ್ ಬೆಟ್ಟದ ಮೇಲೆ ಮೂರನೆಯವನಾಗಿ ಬಂದಾಗ ಕುಣಿದೆ, ಆದರೆ ಆಗ ಅವನು ನನ್ನ ಟೀಮಿನಲ್ಲಿರಲಿಲ್ಲ.

ಅದೇ 2021ರಲ್ಲಿ ಗೆಳೆಯನೊಬ್ಬ ಸುಮ್ನೆ ತಮಾಷೆಗೆ ಹಳೇ ಸ್ಪ್ರಿಂಟರ್ ಕ್ಯಾವೆಂಡಿಶ್‌ನನ್ನು ಹಾಕಿಕೊಂಡಿದ್ದ. 2017ರಲ್ಲಿ ಎಪ್ಸ್ಟೀನ್-ಬಾರ್ ವೈರಸ್ ಹಿಡಿದ ಮೇಲೆ ಅವನ ಕಥೆ ಮುಗಿದೇ ಹೋಯಿತು ಅಂತ ಎಲ್ಲರೂ ಅಂದುಕೊಂಡಿದ್ದೆವು. ಅವನು ಟೂರ್‌ನಲ್ಲಿ ನಾಲ್ಕು ಸ್ಟೇಜ್ (ಒಂದೊಂದು ದಿನದ ಓಟ) ಗೆದ್ದು, ಸ್ಪ್ರಿಂಟ್ ಪಾಯಿಂಟಿಗೆ ಕೊಡುವ ಗ್ರೀನ್ ಜರ್ಸಿ ಹಾಕಿಕೊಂಡ. ಗೆಳೆಯ ಗಂಟು ಹೊಡೆದ. ನನಗೆ ಹೊಟ್ಟೆ ಉರಿದದ್ದು ನಿಜ, ಆದರೆ ನನ್ನ ಮೊದಲ ಸೂತ್ರ ಹುಟ್ಟಿದ್ದೂ ಅಲ್ಲೇ. ವೈರಸ್‌ಗೆ ಕ್ಯಾಲೆಂಡರ್ ಇಲ್ಲ. ಮೂರು ತಿಂಗಳೋ ಮೂರು ವರ್ಷವೋ ಯಾರೂ ಹೇಳಲಾರರು. ಬಿಟ್ಟು ಹೋದರೆ ಮಾತ್ರ ಪೂರ್ತಿ ಬಿಟ್ಟು ಹೋಗಬಹುದು. ತೊಡೆ ಮೂಳೆಯ ಕಥೆ ಹಾಗಲ್ಲ. ಕೂಡಿಕೊಂಡರೂ ಎರಡು ಕಾಲಿನ ಬಲ ಸಮ ಆಗೋದು ಕಷ್ಟ. ಪೆಡಲ್ ಮೇಲೆ ಬದುಕುವವನಿಗೆ ಅದಕ್ಕಿಂತ ಕೆಟ್ಟದ್ದು ಯಾವುದಿದೆ?

2023 ಇನ್ನೂ ಕೆಟ್ಟ ವರ್ಷ. ಅಲಾಫಿಲಿಪ್‌ನನ್ನು ಕೊಂಡೆ. 2022ರಲ್ಲಿ ಬೆಲ್ಜಿಯಂನ ಲಿಯೆಜ್ ರೇಸಿನಲ್ಲಿ ಬಿದ್ದು ಪಕ್ಕೆಲುಬು, ಹೆಗಲ ಮೂಳೆ, ಶ್ವಾಸಕೋಶ. ಬೇಸಿಗೆಯಲ್ಲಿ ಕೋವಿಡ್. ಸ್ಪೇನ್‌ನ ಮೂರು ವಾರದ ರೇಸ್ ವುಯೆಲ್ಟಾದಲ್ಲಿ ಭುಜ ಜಾರಿತು. ಒಂದೊಂದೇ ನೋಡಿದರೆ ಎಲ್ಲವೂ ವಾಸಿಯಾಗುವಂಥವೇ. ಒಂದೇ ವರ್ಷದಲ್ಲಿ ಮೂರೂ ಬಂದರೆ ತಳಪಾಯವೇ ಕುಸಿಯುತ್ತದೆ. ಜೊತೆಗೆ ಬರ್ನಾಲ್‌ನನ್ನೂ ಕೊಂಡಿದ್ದೆ. 2022ರ ಜನವರಿಯಲ್ಲಿ ಕೊಲಂಬಿಯಾದಲ್ಲಿ ಟ್ರೇನಿಂಗ್ ಮಾಡುವಾಗ ನಿಂತ ಬಸ್ಸಿಗೆ ಗುದ್ದಿ ಇಪ್ಪತ್ತರಷ್ಟು ಮೂಳೆ ಮುರಿದುಕೊಂಡವನು. ಅವನಿಗೂ ಏನೂ ಗಿಟ್ಟಲಿಲ್ಲ, ನನಗೂ. “ದುಡ್ಡು ಕೊಟ್ಟು ಕಂಡವರ ಎಕ್ಸ್‌ರೇ ನೋಡೋದು ಯಾವ ಆಟ ರೀ?” ಅಂದಳು ಹೆಂಡತಿ.

ಕಾಲರ್‌ಬೋನ್ ಮುರಿದವನನ್ನು ಮಾತ್ರ ಕಣ್ಣುಮುಚ್ಚಿ ಕೊಳ್ಳಬಹುದು. ಪ್ಲೇಟ್ ಹಾಕಿಸಿಕೊಂಡು ಎಷ್ಟೋ ಸಲ ಒಂದು ವಾರದೊಳಗೇ ಮನೆಯೊಳಗೆ ಟ್ರೇನರ್‌ಗೆ ಸಿಕ್ಕಿಸಿದ ಸೈಕಲ್ ಮೇಲೆ ಕೂತಿರುತ್ತಾರೆ. 2024ರ ಏಪ್ರಿಲ್ 4ರಂದು ಬಾಸ್ಕ್ ದೇಶದ ಇತ್ಸುಲಿಯಾ ರೇಸಿನ ಒಂದೇ ತಿರುವಿನಲ್ಲಿ ವಿಂಗೆಗೋ, ಎವೆನಪೂಲ್, ರೊಗ್ಲಿಚ್, ಜೇ ವೈನ್ ಎಲ್ಲ ಬಿದ್ದರು. ವಿಂಗೆಗೋಗೆ ಕಾಲರ್‌ಬೋನ್, ಪಕ್ಕೆಲುಬಿನ ಜೊತೆ ಶ್ವಾಸಕೋಶಕ್ಕೂ ಪೆಟ್ಟು, ಹನ್ನೆರಡು ದಿನ ಆಸ್ಪತ್ರೆ. ಮೂರೇ ತಿಂಗಳಿಗೆ ಟೂರ್‌ನ ಲ ಲಿಯೊರಾನ್ ಸ್ಟೇಜಿನಲ್ಲಿ ಪೊಗಾಚಾರ್‌ನನ್ನು ಸ್ಪ್ರಿಂಟ್‌ನಲ್ಲಿ ಸೋಲಿಸಿದ, ಒಟ್ಟು ಟೂರ್‌ನಲ್ಲಿ ಎರಡನೆಯವನಾದ. ಎವೆನಪೂಲ್ ಮೂರನೆಯವನು. ಅವರಿಬ್ಬರೂ ನನ್ನ ಬಜೆಟ್ಟಿಗೆ ಎಟುಕುವವರಲ್ಲ. ನಾನು ಕಣ್ಣಿಟ್ಟದ್ದು ವೈನ್ ಮೇಲೆ. ಬೆನ್ನುಮೂಳೆ ಮುರಿದಿತ್ತು. ಆದರೂ ಅದೇ ವರ್ಷ ಬೆಟ್ಟ ಹತ್ತುವುದರಲ್ಲಿ ಮೊದಲಿಗನಿಗೆ ಸಿಗುವ ವುಯೆಲ್ಟಾದ ಕ್ಲೈಂಬರ್ ಜರ್ಸಿ ತಂದಿದ್ದ. ಅರ್ಧ ಸೀಸನ್ ಇಲ್ಲದ್ದರಿಂದ ಬೆಲೆ ಏರಿರಲಿಲ್ಲ. 2025ರಲ್ಲಿ ಸ್ವಿಟ್ಜರ್ಲೆಂಡಿನ ರೊಮಾಂದಿ ರೇಸಿನಲ್ಲಿ ಒಂದು ಸ್ಟೇಜ್, ವುಯೆಲ್ಟಾದಲ್ಲಿ ಎರಡು, ಮತ್ತೆ ಅದೇ ಜರ್ಸಿ.

ಅದಕ್ಕೂ ಮೊದಲು 2024ರಲ್ಲಿ ಕರಾಪಾಸ್ ಕೈ ಹಿಡಿದಿದ್ದ. 2023ರ ಟೂರ್‌ನ ಮೊದಲ ದಿನವೇ ಮಂಡಿ ಚಿಪ್ಪು ಬಿರುಕುಬಿಟ್ಟು ಮನೆಗೆ ಹೋದವನು ಮರುವರ್ಷ ಒಂದು ದಿನ ಲೀಡರ್‌ನ ಹಳದಿ ಜರ್ಸಿ ಹಾಕಿ, ಒಂದು ಸ್ಟೇಜ್ ಗೆದ್ದು, ಟೂರ್‌ನ ಕ್ಲೈಂಬರ್‌ಗೆ ಸಿಗುವ ಪೋಲ್ಕಾ ಜರ್ಸಿಯನ್ನೂ ತಂದ. ಆ ವರ್ಷ ನಾನು ಎರಡನೇ ಸ್ಥಾನ.

ನಡುವೆ ಕೋವಿಡ್ ಹಿಂದೆಯೂ ಹೋಗಿದ್ದೆ. 2022ರ ಟೂರ್ ದ ಸ್ವಿಸ್‌ನಲ್ಲಿ ವ್ಲಾಸೊವ್ ಲೀಡರ್ ಆಗಿದ್ದಾಗಲೇ ಹೊರಬಿದ್ದ. ಕೆಲವೇ ವಾರಗಳಲ್ಲಿ ಟೂರ್‌ನ ಮೊದಲ ಐವರಲ್ಲಿದ್ದ. 2023ರಲ್ಲಿ ಎವೆನಪೂಲ್ ಇಟಲಿಯ ಮೂರು ವಾರದ ರೇಸ್ ಜಿರೋದಲ್ಲಿ ಲೀಡರ್‌ನ ಪಿಂಕ್ ಜರ್ಸಿ ಬಿಟ್ಟು ಮನೆಗೆ ಹೋದ. ಇಂಥವರದ್ದೆಲ್ಲ ಎಕ್ಸೆಲ್‌ನಲ್ಲಿ ತುಂಬಿಸಿದೆ. ಹೆಚ್ಚುಕಡಿಮೆ ಒಂದು ತಿಂಗಳು ದಂಡ. ಯಾವ ಲೆಕ್ಕಕ್ಕೂ ಸಿಗಲಿಲ್ಲ, ಆ ಕಾಲಂ ಅಳಿಸಿದೆ. ಟೀಮಿನ ಪ್ರಕಟಣೆ ಓದುವುದು ಜಾಸ್ತಿ ಉಪಯೋಗಕ್ಕೆ ಬಂತು. ‘ಸರ್ಜರಿ ಆಯಿತು, ಇಷ್ಟು ವಾರ’ ಅಂತಿದ್ದರೆ ಕೊಳ್ಳಿ. ‘ಯಾವಾಗ ಮರಳುತ್ತಾನೆ ಹೇಳಲಾಗದು’ ಅಂತಿದ್ದರೆ ಒಂದು ವರ್ಷ ಬಿಡಿ. ಆಮೇಲೆ ರೈಡರ್‌ಗಳು ತಮ್ಮ ಟ್ರೇನಿಂಗ್ ಹಾಕುವ ಸ್ಟ್ರಾವಾ ಆ್ಯಪ್‌ನಲ್ಲಿ ಅವನ ಡಿಸೆಂಬರ್ ನೋಡಿ. ಅದರಲ್ಲಿ ನಾನು ಏನು ನೋಡ್ತೀನಿ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ದೂರ ಅಲ್ಲ, ವ್ಯಾಟ್ಸೂ ಅಲ್ಲ.

ಬರ್ನಾಲ್‌ನನ್ನು 2025ಕ್ಕೆ ಮತ್ತೆ ಕೊಂಡಾಗ “ಮಗಾ, ಅದೇ ಬಸ್ಸಿಗೆ ನೀನೂ ಗುದ್ಕೊಳ್ತೀಯಾ?” ಅಂದರು ಗೆಳೆಯರು. ಆದರೆ 2024ರಲ್ಲಿ ಸ್ಪೇನ್‌ನ ಕ್ಯಾಟಲೂನ್ಯಾ ರೇಸಿನಲ್ಲಿ ಅವನು ಮೂರನೆಯವನಾಗಿದ್ದನ್ನು ನಾನು ಬರೆದಿಟ್ಟುಕೊಂಡಿದ್ದೆ. ದೊಡ್ಡ ಅಪಘಾತದ ನಂತರ ಮೊದಲ ಸೀಸನ್ ಬರೀ ಫಿನಿಶ್ ಮಾಡೋಕೆ. ಅಡ್ಡಿಯಿಲ್ಲದೆ ಎರಡು ಚಳಿಗಾಲದ ಟ್ರೇನಿಂಗ್ ಮುಗಿಸಿದವನನ್ನೇ ಕೊಳ್ಳಬೇಕು. ಫೆಬ್ರವರಿಯಲ್ಲಿ ಕೊಲಂಬಿಯಾದ ರೋಡ್ ರೇಸ್, ಟೈಮ್ ಟ್ರಯಲ್ ಎರಡೂ ಪಟ್ಟ ಗೆದ್ದ. ಅದೇ ತಿಂಗಳು ಸ್ಪೇನ್‌ನ ಹಾಯೆನ್‌ನಲ್ಲಿ ಬಿದ್ದ. ಗ್ರೂಪ್ ತುಂಬಾ ನಗುವ ಇಮೋಜಿ. ಏನು ಮುರಿದಿದೆ ನೋಡಿದೆ. ಕಾಲರ್‌ಬೋನ್! ಆರಾಮಾಗಿ ಮಲಗಿದೆ. ಕೆಲವೇ ವಾರಗಳಲ್ಲಿ ರೇಸಿಗೆ ಬಂದ. ಜಿರೋದಲ್ಲಿ ಏಳನೆಯವನು, ವುಯೆಲ್ಟಾದಲ್ಲಿ ಒಂದು ಸ್ಟೇಜ್.

ಕೈಗೆ ಬಂದದ್ದು ಹದಿನೈದು ಸಾವಿರ ಚಿಲ್ಲರೆ. ಒಂದು ಜೊತೆ ಟ್ಯೂಬ್‌ಲೆಸ್ ಟೈರ್ ಬಂತು, ಉಳಿದದ್ದು ಸೋತವರ ನಂದಿಬೆಟ್ಟದ ತಿಂಡಿಗೆ ಹೋಯಿತು.

2026ಕ್ಕೆ ನನ್ನ ಪಟ್ಟಿಯಲ್ಲಿ ಲಪೋರ್ಟ್ ಇದ್ದಾನೆ. ಸೈಟೊಮೆಗಾಲೋ ವೈರಸ್‌ನಿಂದ 2025ರ ಬಹುಪಾಲು ಕಳೆದುಕೊಂಡವನು, ಸೀಸನ್ ಕೊನೆಗೆ ರೇಸಿಗೆ ಮರಳಿದ್ದಾನೆ. ಜಿರೋದ ಮೊದಲ ದಿನವೇ ಅಲ್ಬೇನಿಯಾದಲ್ಲಿ ಬೆನ್ನುಮೂಳೆ ಮುರಿದುಕೊಂಡ ಲಾಂಡಾನೂ ಅಗ್ಗವೇ, ಆದರೆ ಮೂವತ್ತಾರರ ಬೆನ್ನಿಗೆ ನಾನು ದುಡ್ಡು ಹಾಕಲ್ಲ. ಬೇರೆ ಹೆಸರು ಜನವರಿಯಲ್ಲಿ ಎಲ್ಲರೂ ಪಟ್ಟಿ ಕೊಟ್ಟ ಮೇಲೆ ಕೇಳಿ.